ಕ್ಲ್ಯಾಂಪ್ ಆರಿಸಿಕೊಂಡು ಬಾ

ಅಗ್ಗದ ಸಾಮಾನೆಲ್ಲ ಕೆಟ್ಟ ಸಾಮಾನು ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರು ಒಂದು ದಿನವೂ ಮರಗೆಲಸ ಮಾಡಿರುವುದಿಲ್ಲ, ಇಲ್ಲವೇ ಅಪ್ಪನ ದುಡ್ಡಿನಲ್ಲಿ ಮಾಡಿರುತ್ತಾರೆ. ಕ್ಲ್ಯಾಂಪಿನ ವಿಷಯಕ್ಕೇ ಬನ್ನಿ. ಎರಡು ಹಲಗೆಗಳ ಅಂಚಿಗೆ ಗೋಂದು ಹಚ್ಚಿ ಕೂಡಿಸಿದ ಮೇಲೆ, ಅದು ಒಣಗುವ ತನಕ ಅಲುಗಾಡದಂತೆ ಹಿಡಿದುಕೊಂಡಿರಬೇಕು, ಅಷ್ಟೇ ಅದರ ಕೆಲಸ. ಆ ಕೆಲಸವನ್ನು ಬಣ್ಣದ ಡಬ್ಬಿಯಲ್ಲಿ ಬರುವ ದುಬಾರಿ ಕ್ಲ್ಯಾಂಪೂ ಮಾಡುತ್ತದೆ, ಕಣ್ಣಿಟ್ಟು ಆರಿಸಿದರೆ ಅಗ್ಗದ್ದೂ ಮಾಡುತ್ತದೆ. ಆರಿಸುವುದಕ್ಕೆ ಬರಬೇಕು. ನನಗೆ ಬರುತ್ತದೆ. ಜಂಬ ಎಂದುಕೊಂಡರೆ ಎಂದುಕೊಳ್ಳಿ.

ಕಲಿಸಿದವನು ನನ್ನ ಸೋದರಮಾವ, ಅಮ್ಮನ ತಮ್ಮ. ಮಾವನಿಗೆ ಹೆಂಡತಿ ಮಕ್ಕಳಿಲ್ಲ. ಬೀದಿಯ ಕೊನೆಯಲ್ಲಿ ತಗಡಿನ ಮಾಡಿನ ಒಂದು ವರ್ಕ್‌ಶಾಪು, ಅದರೊಳಗೆ ಅವನು, ಅವನ ಎದುರು ಬದಿಯಲ್ಲಿ ನಾನು. ಶಾಲೆ ಬಿಟ್ಟ ವರ್ಷ ಅವನ ಕೈಕೆಳಗೆ ಸೇರಿದವಳು, ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡರೂ ಅಲ್ಲೇ ಇದ್ದೆ. "ನನ್ನ ನಂತರ ಇದೆಲ್ಲ ನಿಂದೇ ಕಣೇ" ಎನ್ನುವುದು ಅವನ ಬಾಯಲ್ಲಿ ಯಾವಾಗಲೂ ಇರುತ್ತಿದ್ದ ಮಾತು. ಕೆಲಸ ಚೆನ್ನಾಗಿ ಆದಾಗ ಹೇಳುತ್ತಿದ್ದ, ನಾನು ಮುನಿಸಿಕೊಂಡು ಕೂತಾಗ ಇನ್ನೂ ಹೆಚ್ಚಾಗಿ ಹೇಳುತ್ತಿದ್ದ. ಒಂದು ಸಲ ದೊಡ್ಡ ಪೀಠೋಪಕರಣದ ಕಾರ್ಖಾನೆಯವರು ನಮ್ಮ ಬಾಗಿಲಿಗೇ ಬಂದು ನನ್ನನ್ನು ಮೇಲ್ವಿಚಾರಕಿಯಾಗಿ ಬಾ ಎಂದು ಕರೆದರು. ನನ್ನದೇ ಜಾಗ ಇರುವಾಗ ಇನ್ನೊಬ್ಬರ ಹತ್ತಿರ ಕೈಕಟ್ಟಿ ಯಾಕೆ ನಿಲ್ಲಲಿ ಎಂದುಕೊಂಡು ಅವರನ್ನು ಬಂದ ದಾರಿಯಲ್ಲೇ ಕಳಿಸಿದೆ. ದೂರದ ಊರಿನಿಂದ ಬಂದ ಸಂಬಂಧಗಳಿಗೂ ಅದೇ ಉತ್ತರ ಕೊಟ್ಟೆ. ಆ ತಗಡಿನ ಮಾಡು ಒಂದು ದಿನ ನನ್ನದಾಗುತ್ತದೆ ಎನ್ನುವುದೊಂದೇ ನನ್ನ ಬದುಕಿನ ಲೆಕ್ಕವಾಗಿತ್ತು.

ಈ ಸಲ ನಮಗೆ ಒಂದು ಗ್ರಂಥಾಲಯದ ಕೆಲಸ ಸಿಕ್ಕಿತ್ತು. ಓದುವ ಕೋಣೆಗೆ ಒಂದು ಉದ್ದನೆಯ ಮೇಜು. ಅಷ್ಟಗಲದ ಒಂದೇ ಹಲಗೆ ಎಲ್ಲಿಂದ ತರುವುದು? ಹಲವು ಹಲಗೆಗಳನ್ನು ಕೂಡಿಸಿಯೇ ಮಾಡಬೇಕು. ನಮ್ಮ ಹಳೆಯ ಕ್ಲ್ಯಾಂಪುಗಳಲ್ಲಿ ಕೆಲವು ಸವೆದಿದ್ದವು, ಕೆಲವು ಬಿಗಿ ಮಾಡಿದರೆ ಬೆನ್ನು ಬಾಗಿಸುತ್ತಿದ್ದವು. ಮಾವನ ಕೈಯೂ ಈಚೆಗೆ ಮೊದಲಿನ ಹಾಗಿರಲಿಲ್ಲ. ಗಂಟುಗಳು ಊದಿ, ಬೆರಳು ಪೂರ್ತಿ ಮಡಚಲು ಬರುತ್ತಿರಲಿಲ್ಲ. ಹೇಳಿದರೆ ಒಪ್ಪುವ ಜನ್ಮವಲ್ಲ.

ಅಂದು ಬೆಳಿಗ್ಗೆ ನಾನು ಹಲಗೆಗಳ ಅಂಚನ್ನು ಕೀಸಿ ಮುಗಿಸಿ ಮೈಮೇಲಿನ ಹೊಟ್ಟು ಕೊಡವುತ್ತಿದ್ದಾಗ ಮಾವನೇ ಹೇಳಿದ.

"ಹೋಗು, ಕ್ಲ್ಯಾಂಪ್ ಆರಿಸ್ಕೊಂಡು ಬಾ. ಉದ್ದದ್ದು. ನಮ್ಮ ಕೈಗೆಟುಕೋ ಹಾಗಿರ್ಲಿ, ಆದ್ರೆ ಕೈಕೊಡೋ ಅಂಥದ್ದು ಬೇಡ. ಒಂದೊಂದನ್ನೂ ನೋಡಿ ತಗೋ. ಅವಸರ ಏನಿಲ್ಲ."

"ಅವಸರ ಇಲ್ವಾ? ಮಾವ, ಮೈ ಹುಷಾರಿದೆ ತಾನೇ?" ಎಂದೆ. ಮೊಳೆ ತರಲು ಹೋದರೂ ಬಾಗಿಲಲ್ಲಿ ನಿಂತು, ಕಬ್ಬಿಣ ಅಗೆಯೋಕೆ ಹೋಗಿದ್ದೆಯಾ ಎಂದು ಕೇಳುವ ಮನುಷ್ಯ ಅವನು.

"ಹೋಗೇ ತಲೆಹರಟೆ" ಎಂದು ನಕ್ಕ. ನನ್ನ ಮುಖ ನೋಡಿಯೇ ನಕ್ಕ, ಈಗ ನೆನಪಾಗುತ್ತದೆ.

ಪೇಟೆಯ ಹಾರ್ಡ್‌ವೇರ್ ಅಂಗಡಿಯವನಿಗೆ ನಾವೆಲ್ಲ ಇಟ್ಟ ಹೆಸರು 'ಮುಟ್ಬೇಡಿ'. ಗಿರಾಕಿ ಒಳಗೆ ಕಾಲಿಟ್ಟ ಕೂಡಲೇ ಅವನ ಬಾಯಿಂದ ಬರುವ ಮೊದಲ ಮಾತು ಅದೇ. ತಿರುಪನ್ನು ಎತ್ತಿ ನೋಡಿದರೆ ಮುಟ್ಬೇಡಿ, ಬೀಗ ತಿರುಗಿಸಿದರೆ ಮುಟ್ಬೇಡಿ. ಕೊಂಡ ಮೇಲೂ ಹೇಳಿಯಾನು ಅಂಥ ಆಸಾಮಿ. ಕ್ಲ್ಯಾಂಪಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಲು ಬಿಡಬೇಕೆಂದು ಅವನೊಂದಿಗೆ ನಾನು ಆಡಿದ ಜಗಳಗಳಿಗೆ ಬೀದಿಯೇ ಸಾಕ್ಷಿ. ಅಂದು ಹೋದರೆ, ನನ್ನನ್ನು ಕಂಡದ್ದೇ ಎದ್ದು ನಿಂತ.

"ಬನ್ನಿ ಬನ್ನಿ. ಕ್ಲ್ಯಾಂಪ್ ತಾನೇ? ಎಲ್ಲಾ ಕೆಳಗಿಳಿಸಿ ಇಟ್ಟಿದ್ದೀನಿ. ಬಿಚ್ಚಿ ನೋಡಿ, ತಿರುಗಿಸಿ ನೋಡಿ. ಮರದ ತುಂಡು ಬೇಕಾ? ಇಲ್ಲಿದೆ." ಕೂರಲು ಸ್ಟೂಲು ಹಾಕಿದ, ಫ್ಯಾನು ಹಾಕಿದ, ಟೀ ತರಿಸಿದ.

ನಾನು ಸಂಶಯ ಪಡಬೇಕಿತ್ತು. ಪಡಲಿಲ್ಲ. ನಾನೇನು ಅಂದುಕೊಂಡೆ ಗೊತ್ತೇ? ಕೊನೆಗೂ ಈ ಮಹಾನುಭಾವನಿಗೆ ನಾನು ಯಾರೆಂದು ತಿಳಿಯಿತು, ನನ್ನ ಕೆಲಸಕ್ಕೆ ಒಂದು ಬೆಲೆ ಬಂತು ಎಂದುಕೊಂಡೆ. ಹೊಗಳಿಕೆಗೆ ಬಾಯಿ ಬಿಟ್ಟುಕೊಂಡು ಕೂತ ನನ್ನನ್ನು ನೆನೆದರೆ ನನಗೇ ನಾಲ್ಕು ಬಾರಿಸಬೇಕು ಎನಿಸುತ್ತದೆ.

ಉಬ್ಬಿಹೋಗಿ ಕೆಲಸಕ್ಕೆ ಇಳಿದೆ. ಮೊದಲು ಪಟ್ಟಿಯ ಕ್ಲ್ಯಾಂಪುಗಳು. ಒಂದು ಚಪ್ಪಟೆ ಕಬ್ಬಿಣದ ಪಟ್ಟಿ, ಅದರ ಮೇಲೆ ಜಾರುವ ಒಂದು ದವಡೆ. ಪಟ್ಟಿಯ ಅಂಚಿನಲ್ಲಿ ಸಣ್ಣ ಹಲ್ಲುಗಳಿಲ್ಲದಿದ್ದರೆ, ಬಿಗಿ ಮಾಡಿದಾಗ ದವಡೆ ಹಿಂದಕ್ಕೆ ಜಾರುತ್ತದೆ. ಉಗುರಾಡಿಸಿ ನೋಡಿದೆ, ಕೆಲವು ಬೆಣ್ಣೆಯ ಹಾಗೆ ನುಣುಪಾಗಿದ್ದವು. "ಇವನ್ನ ನೀನೇ ಬಟ್ಟೆ ಒಣಗಿಸೋಕೆ ಇಟ್ಕೊ" ಎಂದು ಪಕ್ಕಕ್ಕೆ ತಳ್ಳಿದೆ. ಇನ್ನು ಕೆಲವನ್ನು ಮರದ ತುಂಡಿಗೆ ಹಾಕಿ, ಹಿಡಿಯನ್ನು ಜೋರಾಗಿ ತಿರುಗಿಸಿ, ಪಟ್ಟಿಯನ್ನು ಬದಿಯಿಂದ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದೆ. ಬಿಲ್ಲಿನ ಹಾಗೆ ಬಾಗಿತು. ಇಷ್ಟು ಗಿಡ್ಡ ತುಂಡಿಗೇ ಬಾಗಿದರೆ ಮೇಜಿನ ಅಗಲಕ್ಕೆ ಏನು ಗತಿ? ಒಂದು ಕೈಯಲ್ಲಿ ಪಿಸ್ತೂಲಿನ ಹಾಗೆ ಒತ್ತುವ ಪ್ಲಾಸ್ಟಿಕ್ ಜಾತಿಯವನ್ನು ಮುಟ್ಟಲೂ ಇಲ್ಲ. ಅವು ಹಿಡಿದುಕೊಳ್ಳುತ್ತವೆ, ಒತ್ತುವುದಿಲ್ಲ.

"ಇನ್ನೂ ಇವೆ, ಒಳಗೆ ನೋಡ್ತೀನಿ" ಎಂದು ಮುಟ್ಬೇಡಿ ಗೋದಾಮಿಗೆ ಹೋದ. ಧೂಳು ಹಿಡಿದ ಒಂದು ಪೆಟ್ಟಿಗೆ ತಂದ. ಅದರಲ್ಲಿ ಪೈಪ್ ಕ್ಲ್ಯಾಂಪಿನ ಬರೀ ತಲೆ ಮತ್ತು ಬಾಲ, ಅಂದರೆ ಮರವನ್ನು ಎರಡು ತುದಿಯಿಂದ ಒತ್ತುವ ತುಂಡುಗಳು ಇದ್ದವು, ನಡುವಿನ ಪೈಪು ಇರಲಿಲ್ಲ. ಇದು ಬಡ ಬಡಗಿಯ ಪುಣ್ಯ. ನೀರಿನ ಪೈಪನ್ನು ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ, ಒಂದು ತುದಿಗೆ ತಿರುಪು ಕೊರೆಸಿ ಅದಕ್ಕೆ ಇದನ್ನು ಸಿಕ್ಕಿಸಿದರಾಯಿತು. ಭಾರ ಜಾಸ್ತಿ, ರೂಪ ಕೇಳಬೇಡಿ, ಆದರೆ ಬಾಗುವ ಮಾತೇ ಇಲ್ಲ. ದುಬಾರಿಯವುಗಳ ಮುಂದೆ ಬೆಲೆ ಏನೇನೂ ಅಲ್ಲ.

ಅದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ಅನುಕೂಲ. ಬೇರೆ ಕ್ಲ್ಯಾಂಪುಗಳ ಹಿಡಿ ದುಂಡಗೆ, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೇ ತಿರುಗಿಸಬೇಕು. ಇದಕ್ಕೆ ಅಡ್ಡಡ್ಡ ಒಂದು ಕಬ್ಬಿಣದ ಕಡ್ಡಿ. ಬೆರಳು ಮಡಚದೆ, ಬರೀ ಅಂಗೈಯಿಂದ ತಳ್ಳಿದರೂ ತಿರುಗುತ್ತದೆ. ನಾನು ಬೆರಳುಗಳನ್ನು ನೆಟ್ಟಗೆ ಚಾಚಿಕೊಂಡು, ಮಾವನ ಕೈಯ ಹಾಗೆ ಮಾಡಿಕೊಂಡು ತಳ್ಳಿ ನೋಡಿದೆ. ತಿರುಗಿತು. ಮಾವ ಇನ್ನೂ ಬಹಳ ಕಾಲ ಕೆಲಸ ಮಾಡಬಹುದು, ಯಾರ ಮುಂದೆಯೂ ಕೈನೋವು ಎಂದು ಹೇಳಿಕೊಳ್ಳಬೇಕಾಗಿಲ್ಲ ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ಮುಟ್ಬೇಡಿಗೆ ನಾನೇ ಎರಡನೆಯ ಟೀ ಕೊಡಿಸಿದೆ.

ಪೆಟ್ಟಿಗೆಯಲ್ಲಿದ್ದ ಪ್ರತಿಯೊಂದನ್ನೂ ಪರೀಕ್ಷಿಸಿದೆ. ಪಕ್ಕದ ಅಂಗಡಿಯಲ್ಲಿ ಪೈಪು ಕತ್ತರಿಸಿ ತಿರುಪು ಕೊರೆಯುವವರೆಗೂ ನಿಂತು ಮಾಡಿಸಿದೆ. ವಾಪಸು ಬಂದು ಲೆಕ್ಕ ಮುಗಿಸುವ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. "ಇನ್ನೊಂದು ಚೂರು ಕೂತ್ಕೊಳ್ಳಿ, ಬಿಸಿಲು ಇಳೀಲಿ" ಎಂದ ಮುಟ್ಬೇಡಿ. ಅಷ್ಟರಲ್ಲಿ ಅವನಿಗೆ ಫೋನು ಬಂತು, ಮಾವನದು. ಜೀವಮಾನವಿಡೀ ಗರಗಸದ ಯಂತ್ರದ ಪಕ್ಕ ನಿಂತವನಿಗೆ ಕಿವಿ ಮಂದ, ಫೋನಿನಲ್ಲಿ ಅರಚಿಯೇ ಮಾತಾಡುವುದು. ಮಾವನ ದನಿ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಎಲ್ಲಾ ಮುಗೀತಪ್ಪ. ಇನ್ನು ಬಿಡು ಅವಳನ್ನ."

ಮುಟ್ಬೇಡಿ ಫೋನು ಜೇಬಿಗಿಟ್ಟ. ಫ್ಯಾನು ಆರಿಸಿದ. ನಾನಿನ್ನೂ ಕೈಯಲ್ಲಿ ಹಿಡಿದಿದ್ದ ಮರದ ತುಂಡನ್ನು ಇಸಿದುಕೊಂಡ.

"ಏನು ಮುಗೀತು?" ಎಂದೆ.

"ನನಗೇನು ಗೊತ್ತಮ್ಮ."

"ಬಿಡು ಅಂದ್ನಲ್ಲ, ನಾನೇನು ನಿನ್ನ ಅಂಗಡೀಲಿ ಕಟ್ಟಿಹಾಕಿದ್ದ ಹಸುವಾ? ಏನು ಮುಗೀತು ಹೇಳು."

ಅವನು ತಲೆ ಕೆರೆದುಕೊಂಡ. "ನೋಡಿ, ನನ್ನನ್ನ ಇದರಲ್ಲಿ ಎಳೀಬೇಡಿ. ಮಧ್ಯಾಹ್ನದವರೆಗೂ ಹೇಗಾದ್ರೂ ಮಾಡಿ ಕೂರಿಸ್ಕೋ, ಕೇಳಿದ್ದೆಲ್ಲ ತೆಗೆದು ತೋರಿಸು ಅಂತ ನಿಮ್ಮ ಮಾವ ನಿನ್ನೆ ಬಂದು ಹೇಳಿ ಹೋದ್ರು. ಏನೋ ಮನೆ ವಿಷಯ ಅಂದ್ರು. ಹಳೇ ಗಿರಾಕಿ, ಇಲ್ಲ ಅನ್ನೋಕಾಗತ್ತಾ?"

ಆಟೋದಲ್ಲಿ ಪೈಪುಗಳನ್ನು ಕಾಲಮೇಲೆ ಹಾಕಿಕೊಂಡು ಬರುವಾಗ ಏನೇನೋ ಊಹಿಸಿಕೊಂಡೆ. ಮಾವನಿಗೆ ಏನಾದರೂ ಕಾಯಿಲೆಯೇ? ಡಾಕ್ಟರ ಹತ್ತಿರ ಹೋಗಿದ್ದನ್ನು ನನ್ನಿಂದ ಮುಚ್ಚಿಡುತ್ತಿದ್ದಾನೆಯೇ? ನನಗೆ ಅಳು ಬರುತ್ತಿತ್ತು, ಅವನಿಗಾಗಿ.

ವರ್ಕ್‌ಶಾಪಿನ ಬಾಗಿಲು ಅಗಲವಾಗಿ ತೆರೆದಿತ್ತು. ಒಳಗೆ ಅಮ್ಮನ ಅಣ್ಣನ ಮಗ ನಮ್ಮದೇ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ಬನಿಯನ್ನಿಗೂ ಇಸ್ತ್ರಿ ಹಾಕಿಸುವವನೆಂದು ಅವನಿಗೆ ಮನೆಯಲ್ಲಿ ಟಿಪ್‌ಟಾಪ್ ಎಂದೇ ಹೆಸರು. ಮರದ ಹೊಟ್ಟು ಅಂಟುತ್ತದೆ ಎಂದು ಈ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದವನು ಅವನು. ನನ್ನ ಸ್ಟೂಲಿನ ಮೇಲೆ ನನ್ನ ಅಮ್ಮ ಕೂತಿದ್ದಳು. ನಾನು ಬೆಳಿಗ್ಗೆ ಕೀಸಿ ಜೋಡಿಸಿಟ್ಟಿದ್ದ ಹಲಗೆಗಳ ಮೇಲೆ ಟೀ ಲೋಟಗಳು.

ಮೊದಲು ನನ್ನ ಬಾಯಿಂದ ಬಂದದ್ದು ಲೋಟದ ಮಾತೇ. "ಯಾರ್ರೀ ಇದು, ಕೀಸಿದ ಹಲಗೆ ಮೇಲೆ ಲೋಟ ಇಟ್ಟಿರೋದು? ಮನುಷ್ಯರಾ ನೀವು? ಕಲೆ ಇಳಿದರೆ ಯಾರು ತೆಗೀತಾರೆ?"

ಟಿಪ್‌ಟಾಪ್ ಹಲ್ಲು ಕಿರಿದ. "ಅಕ್ಕ, ಸಮಾಧಾನ. ಇನ್ನು ಮೇಲೆ ಹೀಗೆಲ್ಲ ಕಷ್ಟ ಪಡೋದೇ ಬೇಡ. ಮುಂದುಗಡೆ ಶೋರೂಮು ಮಾಡ್ತೀನಿ, ಎಲ್ಲಾ ರೆಡಿಮೇಡ್ ಸಾಮಾನು ಬರತ್ತೆ. ಹಿಂದೆ ಚಿಕ್ಕದಾಗಿ ರಿಪೇರಿ ಜಾಗ ಬಿಡ್ತೀನಿ. ರಿಪೇರಿ ನಿಮಗೇ. ತಿಂಗಳು ತಿಂಗಳು ಸಂಬಳ."

ನಾನು ಮಾವನ ಕಡೆ ತಿರುಗಿದೆ. ಅವನು ಉಳಿಯ ಹಿಡಿ ಒರೆಸುತ್ತಿದ್ದ.

"ಬೆಳಿಗ್ಗೆ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಈ ಜಾಗಾನ ಇವನ ಹೆಸರಿಗೆ ಮಾಡಿಸಿ ಬಂದ್ವಿ" ಎಂದಳು ಅಮ್ಮ, ಮಾವನ ಪರವಾಗಿ. "ಮನೆ ಹುಡುಗ, ನನ್ನ ತಮ್ಮನ್ನ ಕೊನೇವರೆಗೂ ನೋಡ್ಕೋತೀನಿ ಅಂದಿದ್ದಾನೆ."

"ನಾನು ಯಾವ ಮನೆ ಹುಡುಗಿ ಅಮ್ಮ?"

"ನೋಡು, ಶುರು ಮಾಡಿದೆ. ನಿನ್ನ ಕೋಪ ನಮಗೆ ಗೊತ್ತಿಲ್ವಾ? ನೀನಿದ್ದಿದ್ರೆ ರಂಪ ಆಗ್ತಿತ್ತು. ಅದಕ್ಕೇ ಹೊರಗೆ ಕಳಿಸಿದ್ದು."

"ರಂಪ ಆಗಬಾರದಿತ್ತಾ? ಇದಕ್ಕೂ ಆಗದಿದ್ರೆ ಇನ್ಯಾವುದಕ್ಕೆ ಆಗಬೇಕಿತ್ತು?" ನನ್ನ ದನಿ ತಗಡಿಗೆ ಬಡಿದು ವಾಪಸು ಬಂತು. "ಕಳಿಸೋಕೆ ಬೇರೆ ನೆಪ ಸಿಗ್ಲಿಲ್ವಾ? ಕ್ಲ್ಯಾಂಪೇ ಬೇಕಿತ್ತಾ?"

ಆಗ ಮಾವ ಬಾಯಿ ಬಿಟ್ಟ. "ಬೇರೆ ಏನಕ್ಕೆ ಕಳಿಸಿದ್ರೂ ನೀನು ಅರ್ಧ ಗಂಟೇಲಿ ವಾಪಸ್ ಬಂದ್ಬಿಡ್ತಿದ್ದೆ" ಎಂದ. ಅದನ್ನು ಮೆಚ್ಚುಗೆಯ ಹಾಗೇ ಹೇಳಿದ.

ನಾನು ಲೋಟಗಳನ್ನು ತೆಗೆದು ಒಂದೊಂದಾಗಿ ಅಮ್ಮನ ಕೈಗೆ ಕೊಟ್ಟೆ. ಅವಳು ಮತ್ತೇನೋ ಹೇಳಲು ಹೋದಳು. "ಹೋಗಮ್ಮ, ಇಲ್ಲಿಂದ ಹೋಗು" ಎಂದೆ. ಟಿಪ್‌ಟಾಪ್ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದ. ಟೇಪನ್ನೂ ತೆಗೆದುಕೊಂಡು ಹೋದ, ಕಳ್ಳ.

ಆಮೇಲೆ ನಾವಿಬ್ಬರೇ. ನಾನೂ ಹೊರಟುಬಿಡಬೇಕಿತ್ತು. ಆದರೆ ಕೀಸಿದ ಅಂಚನ್ನು ಹಾಗೇ ಬಿಟ್ಟರೆ ಮರ ಸೊಟ್ಟಗಾಗುತ್ತದೆ, ಮತ್ತೆ ಕೀಸಬೇಕು, ಮತ್ತೆ ಅಗಲ ಕಡಿಮೆಯಾಗುತ್ತದೆ. ಗ್ರಂಥಾಲಯದವರು ನನ್ನ ಮುಖ ನೋಡಿ ಕೆಲಸ ಕೊಟ್ಟವರು. ಕಲೆಗಳನ್ನು ಉಜ್ಜಿ ತೆಗೆದು, ಮಾತಿಲ್ಲದೆ ಪೈಪುಗಳಿಗೆ ತಲೆ ಬಾಲ ಸಿಕ್ಕಿಸಿದೆ. ಕಬ್ಬಿಣದ ಪೈಪು ಒದ್ದೆ ಗೋಂದಿಗೆ ತಾಗಿದರೆ ಮರ ಕಪ್ಪಾಗುತ್ತದೆಂದು ಕೆಳಗೆ ಕಾಗದ ಹಾಸಿದೆ. ಮಾವ ತನ್ನ ಬದಿಗೆ ಬಂದು ನಿಂತ. ನಾನು ನನ್ನ ಬದಿಗೆ. ಅವನು ಗೋಂದು ಹಚ್ಚಿದ, ನಾನು ಹಲಗೆ ಕೂಡಿಸಿದೆ. ಒಂದು ಕ್ಲ್ಯಾಂಪು ಕೆಳಗಿನಿಂದ, ಇನ್ನೊಂದು ಮೇಲಿನಿಂದ, ಹಾಗೆ ಹಾಕಿದರೆ ಮೇಜು ಯಾವ ಕಡೆಗೂ ಬಾಗುವುದಿಲ್ಲ. ಇಬ್ಬರೂ ಒಟ್ಟಿಗೆ ಎಷ್ಟು ಸಲ ಮಾಡಿದ್ದೆವೋ, ಮಾತು ಬೇಕಾಗಿರಲಿಲ್ಲ.

ನಡುವಿನ ಹಲಗೆಯೊಂದು ಗೋಂದಿನ ಜಾರಿಕೆಗೆ ಸ್ವಲ್ಪ ಮೇಲೆದ್ದಿತು. ಮಾವ ಎರಡೂ ಅಂಗೈ ಊರಿ, ಮೈಭಾರ ಹಾಕಿ ಅದನ್ನು ಒತ್ತಿ ಹಿಡಿದ. "ಹೂಂ, ತಿರುಗಿಸು" ಎಂದ.

ಮಾವನಿಗೆ ಒಂದು ಅಭ್ಯಾಸವಿತ್ತು. ಕಷ್ಟದ ಮಾತು ಬಂದರೆ "ಬಂದೆ ಇರು" ಎಂದು ಎದ್ದು ಹಿತ್ತಲಿಗೆ ನಡೆಯುತ್ತಿದ್ದ, ಮಾತು ತಣ್ಣಗಾದ ಮೇಲೇ ಬರುತ್ತಿದ್ದ. ಈಗ ಅವನು ಎಲ್ಲಿಗೂ ಹೋಗುವಂತಿರಲಿಲ್ಲ. ಕೈ ತೆಗೆದರೆ ಹಲಗೆ ಏಳುತ್ತದೆ. ನಾನು ಕ್ಲ್ಯಾಂಪಿನ ಕಡ್ಡಿಯ ಮೇಲಿಟ್ಟ ಕೈಯನ್ನು ಹಾಗೇ ನಿಲ್ಲಿಸಿದೆ.

"ನನಗೆ ಕೊಡ್ತೀನಿ ಅಂದಿದ್ದೆ ಮಾವ."

"ಆಮೇಲೆ ಮಾತಾಡೋಣ. ಗೋಂದು ಗಟ್ಟಿಯಾಗ್ತಿದೆ ಕಣೇ, ತಿರುಗಿಸು."

"ಗಟ್ಟಿಯಾಗ್ಲಿ. ಯಾಕೆ ಹೇಳ್ತಿದ್ದೆ, ಕೊಡ್ತೀನಿ ಅಂತ?"

ಅವನು ಮೈಭಾರವನ್ನು ಇನ್ನಷ್ಟು ಮುಂದಕ್ಕೆ ಹಾಕಿದ. ಹಣೆಯಿಂದ ಬೆವರು ಹಲಗೆಯ ಮೇಲೆ ಬೀಳದಂತೆ ಮುಖ ತಿರುಗಿಸಿಕೊಂಡ. ಇಂಥ ಮಾತಿನ ನಡುವೆಯೂ ಅವನಿಗೆ ಮರದ್ದೇ ಚಿಂತೆ.

"ಹಾಗೆ ಹೇಳದಿದ್ರೆ ನೀನು ನಿಲ್ತಿದ್ದೆಯಾ?" ಎಂದ.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅವನು ಈಚೆಗಷ್ಟೇ ಮನಸ್ಸು ಬದಲಾಯಿಸಿದ ಎಂದುಕೊಂಡಿದ್ದೆ. ಟಿಪ್‌ಟಾಪ್ ತಲೆ ಕೆಡಿಸಿದ, ಅಮ್ಮ ಒತ್ತಾಯ ಮಾಡಿದಳು, ವಯಸ್ಸಾಯಿತು, ಹೆದರಿದ ಎಂದೆಲ್ಲ ಅವನ ಪರವಾಗಿ ನಾನೇ ವಾದ ಹೂಡುತ್ತಿದ್ದೆ.

"ಕಾರ್ಖಾನೆಯವರು ಬಂದಾಗ?"

"ಆಗ ನಿನ್ನನ್ನ ಬಿಟ್ರೆ ಅಂಗಡಿ ಮುಚ್ಚಬೇಕಾಗಿತ್ತು."

"ಯಾವತ್ತಾದ್ರೂ, ಒಂದೇ ಒಂದು ಸಲನಾದ್ರೂ, ನಿಜವಾಗ್ಲೂ ಕೊಡಬೇಕು ಅಂತ ಮನಸ್ಸಲ್ಲಿತ್ತಾ?"

"ನಿನಗೆ ಕಲಿಸಿದ ಹಾಗೆ ನಾನು ಯಾರಿಗೂ ಕಲಿಸಿಲ್ಲ."

"ಅದನ್ನ ಕೇಳ್ಲಿಲ್ಲ ನಾನು."

ಅವನು ಹಲಗೆಗಳು ಕೂಡಿದ ಗೆರೆಯನ್ನೇ ನೋಡುತ್ತಿದ್ದ. "ಇಲ್ಲ" ಎಂದ.

ಆ ಕ್ಷಣಕ್ಕೆ ನಾನು ಕಡ್ಡಿಯನ್ನು ಬಿಟ್ಟು ನಡೆದಿದ್ದರೆ ಮೇಜು ಹಾಳಾಗುತ್ತಿತ್ತು, ಅವನು ಅದನ್ನು ಒತ್ತಿಕೊಂಡೇ ಅಲ್ಲಿ ನಿಂತಿರುತ್ತಿದ್ದ. ಮನಸ್ಸು ಹಾಗೇ ಮಾಡು ಎಂದಿತು. ನಾನು ತಿರುಗಿಸಿದೆ. ಒಂದಾದ ಮೇಲೊಂದು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಎಲ್ಲವನ್ನೂ ಬಿಗಿ ಮಾಡಿದೆ. ಹಲಗೆ ಕೂತಿತು. ಕೂಡುಗೆರೆಯ ಉದ್ದಕ್ಕೂ ಗೋಂದು ಸಣ್ಣ ಸಣ್ಣ ಹನಿಯಾಗಿ ಒಂದೇ ಸಮ ಮೇಲೆ ಬಂತು. ಕೆಲಸ ಸರಿಯಾಗಿ ಆದರೆ ಮಾತ್ರ ಹಾಗೆ ಬರುವುದು.

"ಆಹಾ! ನೋಡೇ, ಎಷ್ಟು ಚೆನ್ನಾಗಿ ಕೂತಿದೆ!" ಎಂದ ಮಾವ. ತಲೆಯೆತ್ತಿ ನನ್ನ ಮುಖ ನೋಡಿದ, ಎಂದಿನ ಹಾಗೆ ನಾನೂ ನಗುತ್ತೇನೆ ಎಂದು ಕಾದ. ಆ ಮುಖದಲ್ಲಿ ನಾಚಿಕೆ ಇರಲಿಲ್ಲ, ಕಪಟವೂ ಇರಲಿಲ್ಲ. ಹೇಳಬೇಕಾದ್ದು ಹೇಳಿ ಮುಗಿಯಿತು ಎಂಬ ನಿರಾಳವಿತ್ತು. ಇಷ್ಟು ವರ್ಷ ನನಗೆ ಸುಳ್ಳು ಹೇಳುವಾಗಲೂ ಅವನ ಮುಖ ಹೀಗೇ ಇತ್ತು.

ನಾನು ಚಿಂದಿಯಲ್ಲಿ ಕೈ ಒರೆಸಿಕೊಂಡು ಚೀಲ ತೆಗೆದುಕೊಂಡೆ.

"ನಾಳೆ ಬೇಗ ಬಾ. ಕ್ಲ್ಯಾಂಪ್ ಬಿಚ್ಚಿ ಗೋಂದು ಕೆರೆಯೋಣ" ಎಂದ.

"ಟಿಪ್‌ಟಾಪ್‌ನ ಕರ್ಕೋ ಮಾವ."

"ಅವನಿಗೆಲ್ಲಿ ಬರತ್ತೆ ಇದೆಲ್ಲ?"

"ನನಗೂ ಬರ್ತಿರ್ಲಿಲ್ಲ, ಕಲಿಸಿದೆ. ಅವನಿಗೂ ಕಲಿಸು."

"ಅವನು ಈ ಧೂಳಲ್ಲಿ ನಿಲ್ತಾನೇನೇ? ಹುಚ್ಚಿ."

"ಇಲ್ಲ" ಎಂದೆ. "ಅವನು ನಿಲ್ಲಲ್ಲ. ಅವನಿಗೆ ಆಗಲೇ ಕೊಟ್ಬಿಟ್ಟಿದ್ದೀಯಲ್ಲ."

ಮಾವ ಮೇಜಿನ ಮೇಲೆ ಕೈಯೂರಿ ನಿಂತ. ಇನ್ನು ಒತ್ತಿ ಹಿಡಿಯಬೇಕಾದ್ದು ಏನೂ ಇರಲಿಲ್ಲ, ಆದರೂ ಕೈ ತೆಗೆಯಲಿಲ್ಲ. ನಾನು ಹೊಸ್ತಿಲು ದಾಟಿ ಬೀದಿಗೆ ಇಳಿದೆ.